ಊಟಿಯಲ್ಲಿ ಆಪರೇಟರ್ ಮಾವ

ಈ ವಾರ ನಾನು ಗಾಂಧಿನಗರದ ಕಡೆ ತಲೆ ಹಾಕಲಿಲ್ಲ. ಯಾವ ತಾರೆ ಯಾರ ಮೇಲೆ ಮುನಿಸಿಕೊಂಡಳು, ಯಾವ ನಿರ್ಮಾಪಕರ ಚೆಕ್ಕು ಬ್ಯಾಂಕಿನಿಂದ ವಾಪಸ್ಸು ಬಂತು ಎಂಬ ಅಮೂಲ್ಯ ಸಂಗತಿಗಳೆಲ್ಲ ಮುಂದಿನ ವಾರಕ್ಕಿರಲಿ. ನಾನು ಊಟಿಗೆ ಹೋಗಿದ್ದೆ. ಶೂಟಿಂಗಿಗಲ್ಲ ಸ್ವಾಮಿ, ನನ್ನನ್ನು ಯಾರು ಕರೀತಾರೆ! ಸ್ವಂತ ಖರ್ಚಿನಲ್ಲಿ, ಕೆಂಪು ಬಸ್ಸಿನಲ್ಲಿ, ನಮ್ಮ ಸೋದರಮಾವನ ಜೊತೆ.

ಮಾವನ ವಿಷಯ ಮೊದಲು ಹೇಳಿಬಿಡಬೇಕು. ಗುಂಡ್ಲುಪೇಟೆ ಸೀಮೆಯಲ್ಲಿ ಟೂರಿಂಗ್ ಟಾಕೀಸು ಇದ್ದ ಕಾಲದಿಂದ ಅವರು ಆಪರೇಟರು. ಟೆಂಟು ಎತ್ತಿದ ಮೇಲೆ ಪರ್ಮನೆಂಟ್ ಥಿಯೇಟರಿಗೆ ಬಂದರು. ಡಿಜಿಟಲ್ ಬಂದು ರೀಲು ಹೋದಾಗ ಮಾವನ ಕೆಲಸವೂ ಹೋಯಿತು. ಈ ಅಂಕಣ ಬರೆಯುವ ನಾನು ಹುಟ್ಟಿದ್ದು ಆಸ್ಪತ್ರೆಯಲ್ಲಾದರೂ ಬೆಳೆದದ್ದು ಅವರ ಕ್ಯಾಬಿನ್ನಿನಲ್ಲಿ. ಪಿಯುಸಿ ಓದುವಾಗ ಕಾಲೇಜಿಗಿಂತ ಹೆಚ್ಚು ಹಾಜರಿ ಅಲ್ಲೇ ಇತ್ತು. ಕೊನೆಗೆ ಪಿಯುಸಿ ಬಿಟ್ಟೆ. ‘ನನ್ನ ಮಗನ್ನ ಹಾಳು ಮಾಡಿದವನು ನನ್ನ ತಮ್ಮನೇ’ ಅಂತ ಅಮ್ಮ ಅಂದು ಮಾತು ಬಿಟ್ಟವಳು ಇವತ್ತಿಗೂ ಬಿಟ್ಟೇ ಇದ್ದಾಳೆ. ಹಬ್ಬಕ್ಕೆ ಮಾವ ಬಂದರೆ ಎಲೆ ಹಾಕುತ್ತಾಳೆ, ಬಡಿಸುತ್ತಾಳೆ, ಮಾತಿಲ್ಲ. ಅನ್ನ ಬೇಕಾ ಅಂತ ಕೇಳುವುದೂ ನನ್ನ ಮೂಲಕ!

ಹೋದ ತಿಂಗಳು ಮಾವ ಫೋನ್ ಮಾಡಿದರು. ‘ಲೋ ಅಳಿಯ, ಊಟಿಗೆ ಹೋಗವ ಬತ್ತೀಯೇನ್ಲಾ?’

‘ಏನ್ ಮಾವ, ಇದ್ದಕ್ಕಿದ್ದ ಹಾಗೆ?’

‘ಕಣ್ಣಿನ ಡಾಕ್ಟ್ರು ಗ್ಲಾಕೋಮಾ ಅಂದವ್ರೆ. ಎಡಗಣ್ಣು ಮುಗೀತಂತೆ. ಬಲಗಣ್ಣಲ್ಲಿ ನಡುಮಧ್ಯ ಮಾತ್ರ ಕಾಣ್ತದೆ, ಕ್ಯಾಬಿನ್ ಕಿಂಡೀಲಿ ನೋಡ್ದಂಗೆ. ಹೋಗಿದ್ದು ವಾಪಸ್ ಬರಾಕಿಲ್ವಂತೆ. ಇರೋದನ್ನ ಉಳಿಸ್ಕೊಳ್ಳಾಕೆ ಡ್ರಾಪ್ಸು ಕೊಟ್ಟವ್ರೆ.’

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಊಟಿಯೇ ಯಾಕೆ ಅಂದೆ. ಗುಂಡ್ಲುಪೇಟೆಯಲ್ಲಿ ಹುಟ್ಟಿ, ನೂರು ಕಿಲೋಮೀಟರ್ ದೂರದ ಊಟಿಯನ್ನು ಅರವತ್ತೆಂಟು ವರ್ಷ ನೋಡದೇ ಇದ್ದ ಮನುಷ್ಯ! ಅದಕ್ಕೆ ಅವರು ಕೊಟ್ಟ ಉತ್ತರ ಕೇಳಿ: ‘ಊಟಿ ಎಷ್ಟು ಹಸುರಾಗದೆ ಅಂತ ನೋಡ್ಬೇಕು ಕಣ್ಲಾ. ನನ್ನ ಊಟಿ ಕೆಂಪಗಿತ್ತು.’

ಈಗಿನ ಮೊಬೈಲ್ ಕಾಲದ ತಮ್ಮಂದಿರಿಗೆ ಇದು ಅರ್ಥವಾಗಲಿಕ್ಕಿಲ್ಲ, ಬಿಡಿಸಿ ಹೇಳುತ್ತೇನೆ. ಆ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ಬಣ್ಣ ನಿಲ್ಲುತ್ತಿರಲಿಲ್ಲ. ವರ್ಷ ಕಳೆದಂತೆ ನೀಲಿ, ಹಸಿರು ಮೊದಲು ಮಾಸಿಹೋಗಿ ಕೆಂಪು ಮಾತ್ರ ಉಳಿಯುತ್ತಿತ್ತು. ಬೆಂಗಳೂರು, ಮೈಸೂರಿನಲ್ಲಿ ಓಡಿ, ಜಿಲ್ಲೆ ತಾಲೂಕು ಸುತ್ತಿ, ಗೀರು ಬಿದ್ದು, ತುಂಡಾಗಿ, ಅಂಟಿಸಿಕೊಂಡು ಕೊನೆಗೆ ಟೆಂಟಿಗೆ ಬರುವ ಹೊತ್ತಿಗೆ ಪ್ರಿಂಟಿಗೆ ಎಷ್ಟೋ ವರ್ಷ ವಯಸ್ಸಾಗಿರುತ್ತಿತ್ತು. ನಾಯಕ ನಾಯಕಿ ಹುಲ್ಲುಗಾವಲಿನಲ್ಲಿ ಕೈ ಕೈ ಹಿಡಿದು ಓಡಿದರೆ ಹುಲ್ಲು ಇಟ್ಟಿಗೆ ಬಣ್ಣ, ಆಕಾಶ ಗುಲಾಬಿ, ಕೆರೆ ಬೀಟ್‌ರೂಟ್ ಸಾರು! ಮಾವ ನಲವತ್ತು ವರ್ಷ ಊಟಿಯ ಹಾಡುಗಳನ್ನು ಓಡಿಸಿದ್ದು ಹೀಗೆ.

ಸರಿ, ಹೊರಟೆವು. ನಾನು ಮೈಸೂರಿನಲ್ಲಿ ನಸುಕಿನ ಬಸ್ಸು ಹತ್ತಿದೆ, ಮಾವ ಗುಂಡ್ಲುಪೇಟೆಯಲ್ಲಿ ಹತ್ತಿದರು. ಬಿಳೀ ಷರಟು, ಮಂಕಿ ಕ್ಯಾಪು, ಜೇಬಿನಲ್ಲಿ ಡ್ರಾಪ್ಸು. ಕಿಟಕಿ ಸೀಟು ಅವರಿಗೆ, ಅದೂ ಬಲಗಣ್ಣಿಗೆ ಅನುಕೂಲವಾಗುವ ಕಡೆ.

ಹೋಗುವವರಿಗೆ ಒಂದು ಮಾತು. 2009ರಿಂದ ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಂದ್. ಆದ್ದರಿಂದ ‘ರಾತ್ರಿ ಹತ್ತಿ ಮಲಗಿ ಬೆಳಗ್ಗೆ ಊಟಿಯಲ್ಲಿ ಏಳೋಣ’ ಅನ್ನುವ ಜಾಣರು ಮೊದಲು ವಿಚಾರಿಸಿಕೊಳ್ಳಿ. ಸ್ವಂತ ಕಾರು, ಬೈಕಿನವರು 2024ರ ಮೇ ತಿಂಗಳಿಂದ ಇ-ಪಾಸ್ ಮಾಡಿಸಬೇಕೆಂದು ಮದ್ರಾಸ್ ಹೈಕೋರ್ಟು ಹೇಳಿದೆ. ಸರ್ಕಾರಿ ಬಸ್ಸಿನಲ್ಲಿ ಹೋಗುವ ನಮ್ಮಂಥ ಬಡಪಾಯಿಗಳಿಗೆ ಆ ತಾಪತ್ರಯವಿಲ್ಲ. ಬಡತನಕ್ಕೂ ಒಂದೊಂದು ಸಲ ರಿಯಾಯಿತಿ ಇರುತ್ತದೆ.

ಬಂಡೀಪುರ ದಾಟಿದರೆ ಮುದುಮಲೈ, ಅಲ್ಲಿ ತೆಪ್ಪಕಾಡಿನ ಆನೆ ಶಿಬಿರ. ಬೊಮ್ಮನ್ ಮತ್ತು ಬೆಳ್ಳಿ ದಂಪತಿ ಅನಾಥ ಆನೆಮರಿ ಸಾಕಿದ ಕಥೆ ‘ದಿ ಎಲಿಫೆಂಟ್ ವಿಸ್ಪರರ್ಸ್’ ಇಲ್ಲಿನದೇ. ಊಟಿಯಲ್ಲೇ ಬೆಳೆದ ಕಾರ್ತಿಕಿ ಗೊನ್ಸಾಲ್ವಿಸ್ ಅದನ್ನು ತೆಗೆದದ್ದು, 2023ರಲ್ಲಿ ಅದಕ್ಕೆ ಆಸ್ಕರ್ ಬಂದದ್ದು ನಿಮಗೆ ಗೊತ್ತು. ಮಾವನಿಗೆ ಹೇಳಿದೆ.

‘ಆನೆಗೂ ಆಸ್ಕರ್ ಬಂತಾ?’

‘ಆನೆಗಲ್ಲ ಮಾವ, ಚಿತ್ರ ತೆಗೆದವರಿಗೆ.’

‘ಆನೆಗೇ ಕೊಡ್ಬೇಕಾಗಿತ್ತು. ಇಲ್ಲೀಗಂಟ ಯಾವ ಆನೇನೂ ರೀಟೇಕ್ ಕೇಳಿಲ್ಲ’ ಅಂದರು.

ತೆಪ್ಪಕಾಡಿನಿಂದ ಎರಡು ದಾರಿ. ಮಸಿನಗುಡಿ ಮೇಲೆ ಕಲ್ಹಟ್ಟಿ ಘಾಟಿಯ 36 ಹೇರ್‌ಪಿನ್ ತಿರುವು ಹತ್ತುವುದು ಒಂದು, ಗೂಡಲೂರು ಬಳಸಿ ಹೋಗುವುದು ಇನ್ನೊಂದು. ನಮ್ಮ ಬಸ್ಸು ಗೂಡಲೂರಿನದು. ದೂರ ಹೆಚ್ಚು, ಹೊಟ್ಟೆ ತೊಳಸುವುದು ಕಡಿಮೆ. ನಡುವಟ್ಟಂ ದಾಟಿ ಪೈಕಾರದ ಕಡೆ ಬಂದಾಗ ಮಂಜು ಹರಿದು ಬಿಸಿಲು ಬಿತ್ತು. ಟೀ ತೋಟ ಒಂದು ಹಸಿರು, ಹುಲ್ಲುಗಾವಲು ಇನ್ನೊಂದು ಹಸಿರು, ಕಣಿವೆಯ ಶೋಲಾ ಕಾಡು ಕಪ್ಪು ಮಿಶ್ರಿತ ಮತ್ತೊಂದು ಹಸಿರು. ಮಾವ ಕ್ಯಾಪು ತೆಗೆದು ಮಡಿಲಲ್ಲಿಟ್ಟುಕೊಂಡರು. ಕಂಡಕ್ಟರು, ಟಿಕೆಟ್ಟಿಗೆ ಕಾಸು ಸಾಲದೆಂದು ಹುಡುಕುತ್ತಿದ್ದಾರೆಂದು ತಿಳಿದು ನಿಂತುಕೊಂಡ. ‘ಟಿಕೆಟ್ ಆಗಿದೆ ಸಾರ್, ಅವರು ಹೊರಗೆ ನೋಡ್ತಿದಾರೆ’ ಅಂದೆ.

ಒಂಬತ್ತನೇ ಮೈಲಿಯ ಹುಲ್ಲುಗುಡ್ಡಕ್ಕೆ ಈಗ ಊರವರೇ ‘ಶೂಟಿಂಗ್ ಪಾಯಿಂಟ್’ ಅಂತ ಹೆಸರಿಟ್ಟುಬಿಟ್ಟಿದ್ದಾರೆ. ಕ್ಯಾಮೆರಾ ಇಲ್ಲದ ದಿನವೂ ಅದು ಶೂಟಿಂಗ್ ಪಾಯಿಂಟೇ. ಎಷ್ಟು ಭಾಷೆಯ ಎಷ್ಟು ಜೋಡಿಗಳು ಅಲ್ಲಿ ಉರುಳಿವೆಯೋ, ಹುಲ್ಲಿಗೆ ಬಾಯಿದ್ದಿದ್ದರೆ ನಮ್ಮ ಪತ್ರಿಕೆಗೆ ಬೇರೆ ಅಂಕಣಕಾರ ಬೇಕಾಗಿರಲಿಲ್ಲ. ಗಾಂಧಿನಗರದವರು ‘ಸಿಂಗಾಪುರದಲ್ಲಿ ರಾಜಾಕುಳ್ಳ’ದ ಜೊತೆ 1978ರಲ್ಲಿ ವಿಮಾನ ಹತ್ತುವ ತನಕ ಕನ್ನಡ ಪ್ರೇಕ್ಷಕನಿಗೆ ಫಾರಿನ್ ಅಂದರೆ ಇಂಥ ಊಟಿ ಕಾಶ್ಮೀರಗಳೇ. ಹಿಂದಿಯವರೂ ಇಲ್ಲಿಗೆ ಬಂದರು: 1980ರ ‘ಕರ್ಜ್’, 1989ರ ‘ಮೈನೇ ಪ್ಯಾರ್ ಕಿಯಾ’, 2002ರಲ್ಲಿ ದೆವ್ವ ಕರೆದುಕೊಂಡು ‘ರಾಜ್’.

ಊಟಿ ಇನ್ನೇನು ಬಂತು ಅನ್ನುವಾಗ ಇಂದುನಗರ. ಇಲ್ಲಿ ಮಾವ ನನ್ನ ಮೊಣಕೈ ಹಿಡಿದರು. ಸಿನಿಮಾದ ಊಟಿ ಅಂದರೆ ಹಾಡು ಕುಣಿತ ಅಂದುಕೊಂಡಿರುವ ಗೆಳೆಯರೇ, ನಮ್ಮ ದೇಶದ ಫಿಲ್ಮೇ ಈ ಊರಿನಲ್ಲಿ ತಯಾರಾಗುತ್ತಿತ್ತು ಎಂಬುದು ಎಷ್ಟು ಜನಕ್ಕೆ ಗೊತ್ತು? ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಕೇಂದ್ರ ಸರ್ಕಾರದ ಕಾರ್ಖಾನೆ. ಕಂಪನಿ ಹುಟ್ಟಿದ್ದು 1960ರಲ್ಲಿ, ಫಿಲ್ಮು ಹೊರಬರಲು ಶುರುವಾದದ್ದು 1967ರಲ್ಲಿ. ಫಿಲ್ಮಿಗೆ ಲೇಪ ಹಚ್ಚುವಾಗ ಧೂಳಿನ ಒಂದು ಕಣವೂ ಆಗದು, ಸೆಕೆಯೂ ಆಗದು. ಊಟಿಯ ತಣ್ಣನೆ ಗಾಳಿ ಅದಕ್ಕೆ ಒಪ್ಪುತ್ತಿತ್ತು. ಕಪ್ಪು ಬಿಳುಪು ಸಿನಿಮಾ ಫಿಲ್ಮು, ಫೋಟೋ ರೋಲು, ಆಸ್ಪತ್ರೆಯ ಎಕ್ಸ್‌ರೇ ಎಲ್ಲ ‘ಇಂದು’ ಎಂಬ ಹೆಸರಲ್ಲಿ ಬರುತ್ತಿದ್ದವು. ಇಂದು ಅಂದರೆ ಚಂದ್ರ. ತೊಂಬತ್ತರ ದಶಕದಲ್ಲೇ ನಷ್ಟಕ್ಕೆ ಬಿದ್ದ ಕಾರ್ಖಾನೆ, ಡಿಜಿಟಲ್ ಬಂದ ಮೇಲೆ ಏಳಲೇ ಇಲ್ಲ. ಈಗ ಮುಚ್ಚಿದೆ.

‘ನನ್ನ ಕೈ ಮುರಿದಾಗ ತೆಗೆದ ಎಕ್ಸ್‌ರೇ ಮೇಲೂ ಇಂದು ಅಂತಿತ್ತು ಕಣ್ಲಾ’ ಅಂದರು ಮಾವ. ‘ನನ್ನ ಮೂಳೆ, ನನ್ನ ಕೆಲಸ, ಎರಡೂ ಇಲ್ಲೇ ಪ್ರಿಂಟಾಗಿದ್ದು.’ ಆಮೇಲೆ ಊಟಿ ಬಸ್‌ಸ್ಟ್ಯಾಂಡ್ ಬರುವ ತನಕ ಮಾತಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೆ ‘ಕೆರೆ ಎಲ್ಲಿ?’ ಅಂದರು. ‘ಕೆರೆಯೊಳಗೇ ನಿಂತಿದ್ದೀವಿ ಮಾವ’ ಅಂದೆ. ತಮಾಷೆಯಲ್ಲ. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ 1820ರ ದಶಕದಲ್ಲಿ ಹಳ್ಳಕ್ಕೆ ಅಡ್ಡ ಕಟ್ಟಿ ಮಾಡಿಸಿದ ಕೆರೆ ಈಗಿರುವುದಕ್ಕಿಂತ ತುಂಬ ದೊಡ್ಡದಿತ್ತು. ಒಣಗಿಸಿದ ಭಾಗದಲ್ಲೇ ಈಗಿನ ಬಸ್‌ಸ್ಟ್ಯಾಂಡು, ರೇಸ್ ಕೋರ್ಸು. ಉಳಿದದ್ದು ಸುಮಾರು 65 ಎಕರೆ.

ಬೋಟ್ ಹೌಸಿನಲ್ಲಿ ಪೆಡಲ್ ಬೋಟು, ಮೋಟಾರ್ ಬೋಟು, ಹುಟ್ಟು ಹಾಕುವ ದೋಣಿ ಎಲ್ಲ ಇವೆ. ಮಾವನಿಗೆ ಹುಟ್ಟಿನ ದೋಣಿಯೇ ಬೇಕು, ಯಾಕೆಂದರೆ ಹಾಡಿನಲ್ಲಿ ಇರುವುದು ಅದೇ. ದೋಣಿಯವನು ನೀಲಗಿರಿ ಮರಗಳ ನೆರಳಿಗೆ ತಂದು ನಿಲ್ಲಿಸಿದ. ನಿಜ ಹೇಳಬೇಕಲ್ಲ: ನೀರಿಗೊಂದು ವಾಸನೆ ಇದೆ. ಊರಿನ ಕೊಳಚೆ ಕೆರೆಗೆ ಸೇರುವ ಸುದ್ದಿ ವರ್ಷಗಳಿಂದ ಬರುತ್ತಲೇ ಇದೆ. ಕ್ಯಾಮೆರಾಗೆ ಮೂಗಿಲ್ಲ, ಅಷ್ಟೇ. ಮಾವ ಮಾತ್ರ ಬಲಗಣ್ಣನ್ನು ಒಂದೊಂದೇ ಕಡೆಗೆ ತಿರುಗಿಸಿ, ತುಂಡು ತುಂಡಾಗಿ ಕೆರೆ ನೋಡಿದರು. ಒಂದು ಸುತ್ತು ಮುಗಿಸಲು ಕುತ್ತಿಗೆಯನ್ನೇ ಸುತ್ತಬೇಕು. ದೋಣಿಯವನಿಗೆ ಅರ್ಥವಾಯಿತೆಂದು ಕಾಣುತ್ತದೆ. ಹುಟ್ಟು ಎತ್ತಿ, ದೋಣಿ ತಾನಾಗಿ ತಿರುಗಲು ಬಿಟ್ಟ.

‘ಹಸುರು ನೀರ್ನಾಗೂ ಅದೆ ಕಣ್ಲಾ’ ಅಂದರು.

ಆಮೇಲೆ ಸಸ್ಯೋದ್ಯಾನ. 1848ರಲ್ಲಿ ಶುರುವಾದ ತೋಟ, ರೂಪ ಕೊಟ್ಟವನು ಮೆಕೈವರ್ ಎಂಬ ತೋಟಗಾರ. ಅಲ್ಲಿ ಕಲ್ಲಾದ ಮರದ ಕಾಂಡವೊಂದಿದೆ, ಎರಡು ಕೋಟಿ ವರ್ಷದ್ದು ಅಂತ ಬೋರ್ಡು. ಮಾವ ಅದನ್ನು ಮುಟ್ಟಲು ಹೋಗಿ ಕಾವಲಿನವನ ಕೈಲಿ ಬೈಸಿಕೊಂಡರು. ಹೂವಿನ ವರ್ಣನೆ ಬರೆಯುವುದು ನನಗೆ ಬರುವುದಿಲ್ಲ, ಆದ್ದರಿಂದ ಮುಂದೆ.

ಸೇಂಟ್ ಸ್ಟೀಫನ್ಸ್ ಇಗರ್ಜಿಗೆ ಮಾತ್ರ ತಪ್ಪದೆ ಹೋಗಿ. 1829ರಲ್ಲಿ ಅಡಿಪಾಯ ಹಾಕಿದ ಈ ಇಗರ್ಜಿಯ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯವು, ಬಿಚ್ಚಿ ಇಲ್ಲಿಗೆ ಸಾಗಿಸಿದ್ದು. ಕೆರೆ ಕಟ್ಟಿಸಿದ ಸಲಿವನ್ನನ ಹೆಂಡತಿ ಮತ್ತು ಮಗಳ ಗೋರಿ ಹಿಂದಿನ ಸ್ಮಶಾನದಲ್ಲಿವೆ. ಸೆಟ್ಟು ಕಳಚಿ ಬೇರೆ ಊರಿಗೆ ಸಾಗಿಸುವುದು ಸಿನಿಮಾದವರು ಕಂಡುಹಿಡಿದದ್ದಲ್ಲ ಅಂತ ಮಾವ ತಲೆಯೆತ್ತಿ ತೊಲೆ ನೋಡುತ್ತ ಅಂದರು. ಕನ್ನಡನಾಡಿನ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ಫರ್ನ್‌ಹಿಲ್‌ನಲ್ಲಿ ಮೈಸೂರು ಮಹಾರಾಜರ ಬೇಸಿಗೆ ಅರಮನೆ ಇದೆ. ಈ ಬೆಟ್ಟಗಳ ಬಡಗರೇ ಬಡಗಣ ಕಡೆಯಿಂದ, ಅಂದರೆ ನಮ್ಮ ಸೀಮೆಯಿಂದ ಬಂದವರೆಂದು ಹೆಸರೇ ಹೇಳುತ್ತದೆ. ಟೀ ಅಂಗಡಿಯ ಬಡಗ ಅಜ್ಜಿಯೊಬ್ಬರು ತಮ್ಮ ಭಾಷೆಯಲ್ಲಿ, ಮಾವ ಗುಂಡ್ಲುಪೇಟೆ ಕನ್ನಡದಲ್ಲಿ, ಅರ್ಧ ಗಂಟೆ ಮಾತಾಡಿದರು. ಇಬ್ಬರಿಗೂ ಎಲ್ಲ ತಿಳಿಯುತ್ತಿತ್ತು, ನನಗೆ ಮುಕ್ಕಾಲು. ಅಜ್ಜಿ ಎರಡನೇ ಟೀಗೆ ಕಾಸು ತೆಗೆದುಕೊಳ್ಳಲಿಲ್ಲ. ದೊಡ್ಡಬೆಟ್ಟ, 2637 ಮೀಟರ್, ಹೋಗಲಿಲ್ಲ. ಹೆಸರು ಅಚ್ಚ ಕನ್ನಡದ್ದಾದ್ದರಿಂದ ಹೆಸರಲ್ಲೇ ತೃಪ್ತಿಪಟ್ಟೆವು.

ಈಗ ರೈಲಿಗೆ ಬರುತ್ತೇನೆ. ಈ ಪುಟಾಣಿ ರೈಲು 1899ರಲ್ಲಿ ಮೆಟ್ಟುಪಾಳಯದಿಂದ ಕೂನೂರಿಗೆ, 1908ರಲ್ಲಿ ಊಟಿಗೆ ಬಂತು. ಒಟ್ಟು 46 ಕಿಲೋಮೀಟರು. ಕಲ್ಲಾರಿನಿಂದ ಕೂನೂರಿನವರೆಗೆ ಕಡಿದಾದ ಕಡೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ‘ನಮ್ಮ ಪ್ರೊಜೆಕ್ಟರ್ ಹಲ್ಲು ಫಿಲ್ಮಿನ ತೂತು ಕಚ್ಚಿ ಎಳೆಯೋದೂ ಹಂಗೇಯ’ ಅಂತ ಮಾವ ಒಂದೇ ಮಾತಿನಲ್ಲಿ ಮುಗಿಸಿದರು. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಣಿರತ್ನಂ ಅವರ ‘ದಿಲ್ ಸೇ’ಯಲ್ಲಿ (1998) ಶಾರುಖ್ ಖಾನ್, ಮಲೈಕಾ ಅರೋರಾ ಕುಣಿದದ್ದು ಈ ರೈಲಿನ ನೆತ್ತಿಯ ಮೇಲೆ. ಡೇವಿಡ್ ಲೀನ್ 1984ರಲ್ಲಿ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೂ ಇದನ್ನೇ ಬಳಸಿದರು.

ನಮಗೆ ನೆತ್ತಿಯೂ ಸಿಗಲಿಲ್ಲ, ಸೀಟೂ ಸಿಗಲಿಲ್ಲ. ಟಿಕೆಟ್ ಮುಗಿದಿತ್ತು. ತಪ್ಪು ನನ್ನದೇ, ಮೊದಲೇ ಬುಕ್ ಮಾಡಬೇಕಿತ್ತು. ಮಾವನ ಮುಖ ನೋಡಲಾರದೆ ಗೋಡೆ ನೋಡಿದೆ. ‘ರೈಲು ಹತ್ತೋದು ಬ್ಯಾಡ ಬುಡ್ಲಾ, ಕೇತಿ ಟೇಷನ್ ತೋರ್ಸು ಸಾಕು’ ಅಂದರು. ಕೂನೂರು ಬಸ್ಸು ಹತ್ತಿ, ನಡುವೆ ಇಳಿದು, ಆಟೋ ಹಿಡಿದು ಕೇತಿ ಸ್ಟೇಷನ್ ಸೇರಿದೆವು.

ಕೇತಿ ಯಾಕೆ ಅಂತ ಕೇಳಿದರೆ ನೀವು ಚಿತ್ರರಸಿಕರೇ ಅಲ್ಲ! ಬಾಲು ಮಹೇಂದ್ರ ಅವರ ‘ಮೂನ್ರಾಂ ಪಿರೈ’ (1982). ಹಿಂದಿಯಲ್ಲಿ ಅವರೇ ಮಾಡಿದ ‘ಸದ್ಮಾ’ (1983). ನೆನಪು ಕಳೆದುಕೊಂಡು ಮಗುವಿನಂತಾದ ಶ್ರೀದೇವಿಯನ್ನು ಕಮಲಹಾಸನ್ ಇದೇ ಬೆಟ್ಟದಲ್ಲಿ ಸಾಕುತ್ತಾನೆ. ಅವಳಿಗೆ ನೆನಪು ಮರಳಿದಾಗ ಇವನೇ ಮರೆತುಹೋಗಿರುತ್ತಾನೆ. ರೈಲಿನಲ್ಲಿ ಕೂತ ಅವಳ ಮುಂದೆ ಇವನು ಮಳೆಯಲ್ಲಿ ಕೋತಿ ಕುಣಿತ ಕುಣಿಯುತ್ತಾನೆ. ಅವಳು ಹುಚ್ಚನೆಂದುಕೊಳ್ಳುತ್ತಾಳೆ. ರೈಲು ಹೊರಡುತ್ತದೆ. ಆ ಸ್ಟೇಷನ್ನೇ ಇದು. ಕಮಲ್‌ಗೆ ಆ ಪಾತ್ರಕ್ಕೆ, ಬಾಲು ಮಹೇಂದ್ರರಿಗೆ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂತು. ನಾವು ಎದೆಯುಬ್ಬಿಸಿ ಹೇಳಬೇಕಾದ ಮಾತು: ಬಾಲು ಮಹೇಂದ್ರ ನಿರ್ದೇಶಿಸಿದ ಮೊಟ್ಟಮೊದಲ ಚಿತ್ರ 1977ರ ‘ಕೋಕಿಲ’, ಅದು ಕನ್ನಡದ್ದು, ನಾಯಕ ಇದೇ ಕಮಲಹಾಸನ್. ‘ಮೂನ್ರಾಂ ಪಿರೈ’ ಅಂದರೆ ಮೂರನೇ ದಿನದ ಚಂದ್ರ. ಇಂದುನಗರದ ಚಂದ್ರ ಬೇರೆ, ಇದು ಬೇರೆ, ಆದರೂ ಮಾವ ಎರಡನ್ನೂ ಒಂದೇ ಅಂತ ಎಣಿಸಿದಂತಿತ್ತು.

ಪುಟ್ಟ ಸ್ಟೇಷನ್ನು. ಕೆಳಗೆ ಕಣಿವೆ, ಹೊಲಗಳ ಮೆಟ್ಟಿಲು. ಜನ ಹೆಚ್ಚಿರಲಿಲ್ಲ. ಬೆಂಚಿನಲ್ಲಿ ಕೂತು ಮಾವ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

‘ನಮ್ಮಲ್ಲಿ ತಮಿಳು ಪಿಚ್ಚರ್ ಚೆನ್ನಾಗಿ ಓಡೋದು. ಇದನ್ನ ಎಷ್ಟು ಷೋ ಹಾಕಿವ್ನೋ ಲೆಕ್ಕ ಇಲ್ಲ. ಆದ್ರೆ ಈ ಕ್ಲೈಮ್ಯಾಕ್ಸ್ ನಾನು ಪೂರ್ತಿ ನೋಡಿಲ್ಲ ಕಣ್ಲಾ. ಕಾರ್ಬನ್ ಕಡ್ಡಿ ಉರೀತಾ ಸವೀತದೆ, ಎರಡು ಕಡ್ಡಿ ಮಧ್ಯದ ಸಂದು ಹೆಚ್ಚಾದ್ರೆ ಬೆಳಕು ಕಂದ್ತದೆ. ಕೊನೇ ರೀಲ್ನಾಗೆ ಕಡ್ಡೀನೂ ಮೋಟಾಗಿರ್ತದೆ. ಹೊಸದು ಹಾಕಿದ್ರೆ ಮಾಲೀಕ ಬೈತಾನೆ. ಅದ್ಕೇ ಕೊನೆಗಂಟ ಕಣ್ಣು ಲ್ಯಾಂಪ್ ಹೌಸ್ ಮೇಲೆ. ಹೊರಗೆ ಜನ ಅಳೋದು ಕೇಳ್ಸೋದು. ಕಿಂಡೀಲಿ ಇಣುಕೋ ಹೊತ್ಗೆ ರೈಲು ಹೋಗಿರೋದು.’

ಕ್ಯಾಬಿನ್ನಿನಲ್ಲಿ ಎಷ್ಟು ವರ್ಷ ಅವರ ಪಕ್ಕ ನಿಂತಿದ್ದೆ, ನನಗೆ ಇದು ಹೊಳೆದಿರಲಿಲ್ಲ. ಆ ಸಂದಿಗೆ ಸುತ್ತುವ ಬಿಳೀ ಬೆಳಕನ್ನು ಕಪ್ಪು ಗಾಜಿನಲ್ಲಿ ನೋಡಿ ನೋಡಿಯೇ ಕಣ್ಣು ಹೋಯಿತೆಂದು ನಮ್ಮ ಮನೆಯವರ ನಂಬಿಕೆ. ಡಾಕ್ಟರು ಹಾಗೆ ಹೇಳಲಿಲ್ಲ, ಕಣ್ಣಿನೊಳಗಿನ ಒತ್ತಡದಿಂದ ನರ ಸಾಯುವ ಕಾಯಿಲೆ, ಮೊದಲೇ ತೋರಿಸಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಅಂದರಂತೆ. ಮೊದಲೇ ತೋರಿಸಲು ಯಾರು ಕರೆದುಕೊಂಡು ಹೋಗಬೇಕಿತ್ತು? ಊರೂರು ಸುತ್ತಿ ತಾರೆಯರ ಸಂದರ್ಶನ ಮಾಡುವ ಅಳಿಯನಿಗೆ ಪುರುಸೊತ್ತಿರಲಿಲ್ಲ.

ರೈಲು ಬಂತು. ನೀಲಿ ಡಬ್ಬಿಗಳು. ಎರಡು ನಿಮಿಷ ನಿಂತಿತೋ ಏನೋ. ಕಿಟಕಿಗಳಲ್ಲೆಲ್ಲ ಮೊಬೈಲು ಹಿಡಿದ ಕೈಗಳು. ಮಾವ ಎದ್ದು, ಪ್ಲಾಟ್‌ಫಾರ್ಮಿನ ಉದ್ದಕ್ಕೂ ರೈಲಿನ ಜೊತೆ ನಡೆದರು, ಒಂದೊಂದು ಕಿಟಕಿಯನ್ನೂ ಆ ಕಿಂಡಿಯೊಳಗೆ ತಂದುಕೊಳ್ಳುತ್ತ. ಕಿಟಕಿಯಲ್ಲಿದ್ದ ಮಗುವೊಂದು ಕೈ ಬೀಸಿತು. ಮಾವನೂ ಬೀಸಿದರು. ರೈಲು ತಿರುವಿನಲ್ಲಿ ಕಾಣದಾಗುವ ತನಕ ನಿಂತಿದ್ದರು. ಈ ಸಲ ಪೂರ್ತಿ ನೋಡಿದರು.

‘ಮಳೆ ಇರ್ನಿಲ್ಲ’ ಅಂದರು ವಾಪಸ್ಸು ಬಂದು. ‘ಹಂಗೂ ಚೆನ್ನಾಗಿತ್ತು.’

ಊಟಿಗೆ ಮರಳಿ, ಬೇಕರಿಯಲ್ಲಿ ವರ್ಕಿ ಕೊಂಡು, ಬಸ್ಸು ಹತ್ತಿದೆವು. ರಾತ್ರಿ 9ರ ಒಳಗೆ ಬಂಡೀಪುರ ದಾಟಬೇಕಲ್ಲ. ಹೊತ್ತು ಮುಳುಗುವ ತನಕ ಮಾವ ಕಿಟಕಿ ಬಿಡಲಿಲ್ಲ. ಕತ್ತಲಾದ ಮೇಲೆ ಡ್ರಾಪ್ಸು ಹಾಕಿಕೊಡು ಅಂದರು. ಬಸ್ಸಿನ ಕುಲುಕಾಟದಲ್ಲಿ ಮೂರು ಹನಿ ಕೆನ್ನೆಗೆ, ಒಂದು ಹನಿ ಕಣ್ಣಿಗೆ. ಗುಂಡ್ಲುಪೇಟೆಯಲ್ಲಿ ಇಳಿಯುವಾಗ ವರ್ಕಿ ಪೊಟ್ಟಣ ನನ್ನ ಕೈಗಿಟ್ಟು, ‘ಅಕ್ಕಂಗೆ ಕೊಡು. ನಾ ಕೊಟ್ಟೆ ಅನ್ಬ್ಯಾಡ’ ಅಂದರು.

ಬೆಳಗ್ಗೆ ಕಾಫಿಯ ಜೊತೆ ಅಮ್ಮ ಎರಡು ವರ್ಕಿ ತಿಂದಳು. ಯಾರು ತಂದದ್ದು ಅಂತ ಕೇಳಿದಳು. ಸುಳ್ಳು ಹೇಳಲು ಬರಲಿಲ್ಲ, ಕಣ್ಣಿನ ವಿಷಯವನ್ನೂ ಹೇಳಿಬಿಟ್ಟೆ. ಅಮ್ಮ ಎದ್ದು ಒಳಗೆ ಹೋದಳು. ಹತ್ತು ನಿಮಿಷ ಬಿಟ್ಟು ಬಂದು, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವುದು ಯಾವತ್ತು ಅಂತ ಅವನನ್ನು ಕೇಳು ಅಂದಳು. ‘ನೀನೇ ಕೇಳಮ್ಮ’ ಅಂತ ನಂಬರು ಹಚ್ಚಿ ಫೋನು ಅವಳ ಕೈಗೆ ಕೊಟ್ಟು ನಾನು ಈ ಅಂಕಣ ಬರೆಯಲು ಕೂತೆ.

ಗಾಂಧಿನಗರದ ಗುಸುಗುಸು ಮುಂದಿನ ವಾರ. ಚೆಕ್ಕು ವಾಪಸ್ಸಾದ ನಿರ್ಮಾಪಕರೇ, ಅಲ್ಲಿಯ ತನಕ ನಿಶ್ಚಿಂತೆಯಿಂದ ನಿದ್ರೆ ಮಾಡಿ!